ಏಳು ಮಾರು ದೂರ

ನಮ್ಮೂರಿನ ಹೆಸರು ಹೇಳುವುದಿಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಇವುಗಳ ಸುತ್ತಮುತ್ತ ಎಲ್ಲೋ ಒಂದು ಕಡೆ ಎಂದುಕೊಳ್ಳಿ. ಅಲ್ಲಿನ ಪುರಸಭೆಯಲ್ಲಿ ನಾನು ಇನ್ನೂ ಕೆಲಸದಲ್ಲಿದ್ದೇನೆ, ಅದಕ್ಕೇ ಹೆಸರು ಬೇಡ. ಇಷ್ಟು ಹೇಳಿದ ಮೇಲೆ ಶ್ರೀವಲ್ಲಿ ಎಂಬ ಈ ಕಂಪ್ಯೂಟರ್ ಆಪರೇಟರಿನ ಧೈರ್ಯ ಎಷ್ಟರದ್ದು ಎಂದು ನಿಮಗೇ ತಿಳಿದಿರಬೇಕು. ಆದರೆ ನಾನು ಬರೆಯಲು ಕೂತಿರುವುದು ನನ್ನ ಬಗ್ಗೆ ಅಲ್ಲ, ನೀರುಗಂಟಿ ವೆಂಕಟರವಣಪ್ಪನವರ ಬಗ್ಗೆ. ನನ್ನ ಹೆಸರು ನಡುನಡುವೆ ಬಂದರೆ ಅದು ಬರಲೇಬೇಕಾದ ಕಡೆ ಬಂದಿರುತ್ತದೆ.

ಅವರಿಗೆ ವಯಸ್ಸು ಅರವತ್ತೆರಡೋ ಅರವತ್ತೈದೋ. ಆಧಾರ್ ಕಾರ್ಡಿನಲ್ಲಿ ಒಂದು, ಅವರ ಬಾಯಲ್ಲಿ ಒಂದು. ಪುರಸಭೆಯ ಕಡತದಲ್ಲಿ ಅವರು ಹೊರಗುತ್ತಿಗೆಯ ವಾಲ್ವ್‌ಮ್ಯಾನ್. ಹೆಗಲ ಮೇಲೆ ಎದೆಯುದ್ದದ ಕಬ್ಬಿಣದ ಕೀಲಿ, ಅದರ ಮೇಲೊಂದು ಟವೆಲ್ಲು, ಖಾಕಿ ಶರ್ಟು. ಬೆಳಗಿನ ಆರಕ್ಕೆ ಹೊರಟರೆ ಬೀದಿ ಬೀದಿಯ ವಾಲ್ವ್ ತಿರುಗಿಸಿ, ನೀರಿಗೆ ಮೋಟರ್ ಹಾಕಿ ಎಳೆಯುವ ಮನೆಯವರಿಗೆಲ್ಲ ಬೈದು, ಹತ್ತಕ್ಕೆ ಆಫೀಸಿಗೆ ಬರುತ್ತಿದ್ದರು. ಬಂದವರು ಸುಮ್ಮನೆ ಕೂರುವ ಪೈಕಿ ಅಲ್ಲ. ಊರಿನ ವಾಲ್ವನ್ನೆಲ್ಲ ಮುಚ್ಚಬಲ್ಲ ಮನುಷ್ಯನಿಗೆ ತನ್ನ ಬಾಯಿ ಮುಚ್ಚುವ ಕೀಲಿ ಮಾತ್ರ ಸಿಕ್ಕಿಲ್ಲ ಎಂದು ನಮ್ಮಪ್ಪ ನಗುತ್ತಿದ್ದರು. ನಮ್ಮಪ್ಪ ಪುಟ್ಟಸ್ವಾಮಯ್ಯ ಅದೇ ಆಫೀಸಿನಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಅಪ್ಪನ ಟಿಫನ್ ಡಬ್ಬಿ ಹಿಡಿದು ಹೋಗುತ್ತಿದ್ದ ಕಾಲದಿಂದ ವೆಂಕಟರವಣಪ್ಪ ನನ್ನನ್ನು ಬಲ್ಲರು. ಅದಕ್ಕೇ ನಾನು ಕೆಲಸಕ್ಕೆ ಸೇರಿ ಒಂಬತ್ತು ವರ್ಷವಾದರೂ ಅವರಿಗೆ ನಾನು ಮೇಡಮ್ಮು ಆಗಲಿಲ್ಲ, ಅಮ್ಮಣ್ಣಿಯಾಗಿಯೇ ಉಳಿದೆ.

ವಾಲ್ವ್‌ಮ್ಯಾನ್ ಎಂದು ಊರಲ್ಲಿ ಯಾರೂ ಅವರನ್ನು ಕರೆಯುತ್ತಿರಲಿಲ್ಲ. ಅವರ ಅಪ್ಪ, ತಾತ ದೊಡ್ಡಕೆರೆಯ ನೀರುಗಂಟಿಗಳು. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುವುದು, ಕೆರೆ ತುಂಬಿ ಕೋಡಿ ಬಿದ್ದರೆ ಕೆಳಗಿನವರಿಗೆ ಕೂಗಿ ಹೇಳುವುದು ಆ ಮನೆತನದ ಕೆಲಸ. ಕೆರೆ ಕೆಳಗಿನ ಗದ್ದೆಗಳು ಸೈಟುಗಳಾದ ಮೇಲೆ ತೂಬು ಎತ್ತುವ ಕೆಲಸ ಹೋಯಿತು. ಆದರೂ ಇವರು ದೊಡ್ಡಕೆರೆಯ ಕೋಡಿಯಿಂದ ಊರ ಕೆಳಗಿನ ಪಾಪನಕುಂಟೆ ಎಂಬ ಸಣ್ಣ ಕೆರೆಯವರೆಗೆ ಹೋಗುವ ಎರಡು ಕಿಲೋಮೀಟರ್ ಕಾಲುವೆಯನ್ನು ಬಿಡಲಿಲ್ಲ. ವಾರಕ್ಕೊಮ್ಮೆ ಅದರ ಉದ್ದಕ್ಕೂ ನಡೆದು, ಎಲ್ಲಿ ಯಾರು ಕಟ್ಟಡದ ಕಸ ಸುರಿದಿದ್ದಾರೆ, ಎಲ್ಲಿ ಜಾಲಿ ಬೆಳೆದು ಅಡ್ಡ ಬಂದಿದೆ ಎಂದು ಇಂಜಿನಿಯರ ಮೇಜಿನ ಮುಂದೆ ನಿಂತು ಒಪ್ಪಿಸುತ್ತಿದ್ದರು. ಇಂಜಿನಿಯರು ಮೊಬೈಲ್ ನೋಡುತ್ತಾ, ನೋಡಣ ನೀರುಗಂಟಿ, ನೋಡಣ ಎನ್ನುತ್ತಿದ್ದರು. ಮೂವತ್ತು ವರ್ಷದಲ್ಲಿ ಎಂಟು ಇಂಜಿನಿಯರುಗಳು ಹೀಗೆ ನೋಡಣ ಎಂದಿದ್ದಾರೆ.

ಮನೆಯಲ್ಲಿ ಅವರೊಬ್ಬರೇ. ಹೆಂಡತಿ ಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಇದ್ದ ಒಂದೇ ಜೀವ ಅಕ್ಕ, ಅಕ್ಕಯ್ಯಮ್ಮ. ತಾಯಿ ಸತ್ತಾಗ ಎರಡು ವರ್ಷದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ಕಾಲುವೆಯ ಎಡದಂಡೆಯ ಮೇಲೆ ಏರಿಸಾಲು ಎಂಬ ಹನ್ನೊಂದು ಮನೆಗಳ ಸಾಲಿದೆ, ಅಲ್ಲ, ಇತ್ತು. ಅದರಲ್ಲಿ ಐದನೆಯದು ಅವಳ ಮನೆ. ನಲವತ್ತು ವರ್ಷದ ಹಿಂದೆ ಸರ್ಕಾರವೇ ಹಕ್ಕುಪತ್ರ ಕೊಟ್ಟ ಮನೆಗಳು. ಮಧ್ಯಾಹ್ನ ಒಂದು ಗಂಟೆಗೆ ಅಲ್ಲಿ ಜಗಲಿಯ ಮೇಲೆ ಕೂತು ಅಕ್ಕನ ಕೈಯ ಮುದ್ದೆ ಉಣ್ಣದೆ ವೆಂಕಟರವಣಪ್ಪನವರ ದಿನ ಮುಗಿಯುತ್ತಿರಲಿಲ್ಲ. ಅವಳು ತೆಲುಗಿನಲ್ಲಿ ಬೈಯುವಳು, ಇವರು ಕನ್ನಡದಲ್ಲಿ ಉತ್ತರ ಕೊಡುವರು.

ಎರಡು ಸಾವಿರದ ಇಪ್ಪತ್ತೆರಡರ ಮಳೆಗೆ ದೊಡ್ಡಕೆರೆ ಕೋಡಿ ಬಿದ್ದು, ಕಾಲುವೆ ಉಕ್ಕಿ, ಬಸ್ ನಿಲ್ದಾಣದೊಳಗೆ ಮೊಣಕಾಲುದ್ದ ನೀರು ನಿಂತಿತು. ಆಮೇಲೆ ನಮ್ಮ ಪುರಸಭೆಗೆ ‘ನಗರ ಸಾಧನ’ ಬಂತು. ಸಣ್ಣ ಊರುಗಳು ಅಡ್ಡಾದಿಡ್ಡಿ ಬೆಳೆಯದಂತೆ ನೋಡಿಕೊಳ್ಳಲು ಬೆಂಗಳೂರಿನ ಒಂದು ಸಂಸ್ಥೆಯವರು ತಯಾರಿಸಿದ್ದ ಸಲಕರಣೆ ಅದು. ಒಂದು ಟ್ಯಾಬು, ಅದರೊಳಗೊಂದು ನಕ್ಷೆ, ಒಂದು ಕೈಪಿಡಿ. ಊರಿನ ಕೆರೆ, ಕಾಲುವೆ, ಬಾವಿಗಳ ಗುಂಟ ಟ್ಯಾಬ್ ಹಿಡಿದು ನಡೆದರೆ ನಡೆದಲ್ಲೆಲ್ಲ ನೀಲಿ ಗೆರೆ ಮೂಡುತ್ತದೆ. ಗೆರೆಯ ಎರಡೂ ಪಕ್ಕ ಒಂಬತ್ತು ಮೀಟರು ಕಟ್ಟಬಾರದ ಜಾಗ ಕೆಂಪಗಾಗುತ್ತದೆ, ಕಟ್ಟಬಹುದಾದದ್ದು ಹಳದಿಯಾಗುತ್ತದೆ. ಇನ್ನು ಮುಂದೆ ಯಾವ ಬಡಾವಣೆಗೆ ಅನುಮತಿ, ಯಾವುದು ಒತ್ತುವರಿ ಎಂಬುದನ್ನೆಲ್ಲ ಈ ನಕ್ಷೆ ನೋಡಿಯೇ ತೀರ್ಮಾನ. ಚಿಕ್ಕಬಳ್ಳಾಪುರದಲ್ಲಿ ಎರಡು ದಿನ ತರಬೇತಿ ಕೊಟ್ಟರು. ಕಲಿಸಿದವಳು ಚೈತನ್ಯ ಎಂಬ ಹುಡುಗಿ, ನನಗಿಂತ ಹತ್ತು ವರ್ಷ ಚಿಕ್ಕವಳು. ತನ್ನ ನೀರು ಎಲ್ಲಿ ಹರಿಯುತ್ತದೆಂದು ಬಲ್ಲ ಊರು ಮುಳುಗುವುದಿಲ್ಲ ಎಂದಳು. ಅವಳು ಅದನ್ನು ನಂಬಿದ್ದಳು, ಅವಳನ್ನು ನೋಡಿ ನಾನೂ ನಂಬಿದೆ. ಅದು ಕೆಟ್ಟ ಸಲಕರಣೆ ಅಲ್ಲ. ಈಗಲೂ ಹಾಗೇ ಹೇಳುತ್ತೇನೆ, ಕೆಟ್ಟದ್ದು ಅದರಲ್ಲಿರಲಿಲ್ಲ.

ಕೈಪಿಡಿಯ ಏಳನೆಯ ನಿಯಮ ಹೀಗಿತ್ತು: ಗೆರೆ ಎಳೆಯುವಾಗ ಇಬ್ಬರು ಜೊತೆಯಲ್ಲಿ ನಡೆಯಬೇಕು, ಟ್ಯಾಬ್ ಹಿಡಿದ ಸಿಬ್ಬಂದಿ ಒಬ್ಬರು, ಜಾಗ ಬಲ್ಲ ಊರಿನವರೊಬ್ಬರು. ಒಬ್ಬರೇ ನಡೆದದ್ದಾದರೆ ಆ ಗೆರೆ ರದ್ದು.

ಏಪ್ರಿಲ್ ತಿಂಗಳ ಒಂದು ಬೆಳಗ್ಗೆ ನಾನೂ ವೆಂಕಟರವಣಪ್ಪನವರೂ ಕೋಡಿಯ ಹತ್ತಿರ ನಿಂತೆವು. ಕಾಲುವೆಯಲ್ಲಿ ಜಾಲಿ ಮುಳ್ಳು, ಮಾಂಸದಂಗಡಿಯ ಕಸ, ಕೊಳೆತ ರೇಷ್ಮೆಹುಳುವಿನ ವಾಸನೆ. ಬಿಸಿಲು ನೆತ್ತಿ ಸುಡುತ್ತಿತ್ತು. ನನ್ನ ಮುಖ ನೋಡಿ ಅವರೇ ಹೇಳಿದರು, ಈ ಗಲೀಜಲ್ಲಿ ನೀವ್ಯಾಕೆ ಬರ್ತೀರ, ಸ್ಕೂಟಿ ತಗೊಂಡು ಕುಂಟೆ ಹತ್ರ ಹೋಗಿ ನೆರಳಲ್ಲಿ ಕೂತ್ಕೊಳಿ, ನಾನು ಬರ್ತೀನಿ ಎಂದು. ನಾನು ಬೇಡ ಎನ್ನಲಿಲ್ಲ. ಹಸಿರು ಗುಂಡಿ ಒತ್ತಿಕೊಟ್ಟೆ. ಕಾಲುವೆಯ ಮಧ್ಯದಲ್ಲೇ ನಡೆಯಬೇಕಂತೆ ಎಂದು ಹೇಳಿದೆ, ಅವರು ತಲೆಯಾಡಿಸಿದರು. ಪಾಪನಕುಂಟೆಯ ಹೊಂಗೆಮರದ ಕೆಳಗೆ ಕೂತು ಸೌತೆಕಾಯಿ ತಿಂದುಕೊಂಡು ಮೊಬೈಲ್ ನೋಡಿದೆ. ಒಂದೂವರೆ ಗಂಟೆಯ ಮೇಲೆ ಅವರು ಟ್ಯಾಬನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದರು. ಬೆವರು ಸುರಿಯುತ್ತಿತ್ತು, ಕಾಲಿಗೆ ಕೆಸರು ಅಂಟಿರಲಿಲ್ಲ. ಅದು ನನ್ನ ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಪರದೆಯ ಮೇಲೆ ನೀಲಿ ಗೆರೆ ಎಲ್ಲೂ ಕಡಿಯದೆ ಬಂದಿತ್ತು. ಇಬ್ಬರೂ ಜೊತೆಯಲ್ಲಿ ನಡೆದೆವು ಎಂಬ ನಮೂನೆಗೆ ನಾನು ಸಹಿ ಹಾಕಿದೆ, ಅವರಿಂದಲೂ ಹಾಕಿಸಿದೆ. ಏನೆಂದು ಅವರು ಓದಲಿಲ್ಲ. ನಾನು ಕೊಟ್ಟ ಕಾಗದ ಓದಬೇಕೆಂದು ಅವರಿಗೆ ಯಾಕಾದರೂ ಅನ್ನಿಸಬೇಕು?

ಆ ದಿನ ಅವರಿಗಿದ್ದ ಖುಷಿಯನ್ನು ನಾನು ಮರೆಯಲಾರೆ. ಮೂವತ್ತು ವರ್ಷ ಬಾಯಿ ನೋಯಿಸಿಕೊಂಡದ್ದು ಇವತ್ತು ನಕ್ಷೆಗೆ ಹತ್ತಿತು, ಇನ್ನು ಯಾರೂ ನಮ್ಮ ಕಾಲುವೆ ಮುಚ್ಚೋಕಾಗಲ್ಲ ಅಲ್ವಾ ಎಂದು ಮೂರು ಸಲ ಕೇಳಿದರು. ಮೂರು ಸಲವೂ ಆಗಲ್ಲ ಎಂದೆ.

ವರ್ಷ ಕಳೆಯುವಷ್ಟರಲ್ಲಿ ನಕ್ಷೆ ಮಂಜೂರಾಗಿ, ಯಾರೂ ತಿದ್ದದಂತೆ ಅದಕ್ಕೆ ಬೀಗ ಬಿತ್ತು. ನಮ್ಮದು ಮಾದರಿ ನಕ್ಷೆ ಎಂದು ಹೊಗಳಿಕೆಯೂ ಬಂತು. ಮರುವರ್ಷ ಮಾರ್ಚಿನಲ್ಲಿ ಏರಿಸಾಲಿನ ಹನ್ನೊಂದು ಮನೆಗಳಿಗೂ ನೋಟಿಸ್ ಹೋಯಿತು. ಕಾಲುವೆಯ ಮೇಲೆ ಕಟ್ಟಿದ್ದೀರಿ, ಆಕ್ಷೇಪಣೆ ಇದ್ದರೆ ಇಂಥ ದಿನ ಬಂದು ಹೇಳಿ, ಇಲ್ಲವಾದರೆ ತೆರವು. ಅದೇ ವಾರ ನಿಜವಾದ ಕಾಲುವೆಯ ಹೊಟ್ಟೆಯೊಳಕ್ಕೆ ಟಿಪ್ಪರುಗಳು ಮಣ್ಣು ಸುರಿಯಲು ಶುರುಮಾಡಿದವು. ಅದು ನಕ್ಷೆಯಲ್ಲಿ ಹಳದಿಯಾಗಿತ್ತು. ಬಡಾವಣೆಯವರ ಹತ್ತಿರ ಅನುಮತಿ ಪತ್ರ ಇತ್ತು.

ವೆಂಕಟರವಣಪ್ಪ ಓಡಿಬಂದರು. ನಿಮ್ಮ ಮಿಷಿನ್ನು ಏನೋ ತಪ್ಪು ಮಾಡೈತೆ, ನೋಡಿ ಎಂದರು. ನಾನು ಕಂಪ್ಯೂಟರಿನಲ್ಲಿ ನಕ್ಷೆ ತೆಗೆದು ಹಿಗ್ಗಿಸಿದೆ. ಗೆರೆ ಕೋಡಿಯಿಂದ ಹೊರಟು, ಕಾಲುವೆಯಿಂದ ಹದಿಮೂರು ಮೀಟರು ಎಡಕ್ಕೆ, ಏರಿಸಾಲಿನ ಬಾಗಿಲುಗಳ ಮುಂದೆಯೇ ಸಾಗಿತ್ತು. ಐದನೆಯ ಮನೆಯ ಜಗಲಿಯ ಮೇಲೆ ಅದು ಒಂದು ಸಣ್ಣ ಗಂಟು ಹಾಕಿಕೊಂಡಿತ್ತು. ಇಲ್ಲಿ ನಿಂತಿದ್ರಾ ಎಂದು ಕೇಳಿದೆ. ಹೂಂ, ಅಕ್ಕ ಮಜ್ಜಿಗೆ ಕೊಟ್ಳು, ಕೂತು ಕುಡಿದೆ ಎಂದರು. ಕಾಲುವೆ ಒಳಗೆ ಯಾಕೆ ನಡೆಯಲಿಲ್ಲ ಎಂದು ಕೇಳಿದಾಗ, ಏನೋ ಆಡಬಾರದ ಮಾತಾಡಿದೆನೆಂಬಂತೆ ನನ್ನನ್ನು ನೋಡಿದರು.

“ಕಾಲುವೆ ಹೊಟ್ಟೇನ ತುಳಿಯೋದಾ ಅಮ್ಮಣ್ಣಿ? ಹೂಳು ಎತ್ತೋ ದಿನ ಕಾಯಿ ಒಡೆದು ಇಳೀತೀವಿ. ಮಿಕ್ಕ ದಿನ ನಮ್ಮ ಮನೇರು ಏಳು ಮಾರು ಬಿಟ್ಟೇ ನಡೆಯೋದು. ನಮ್ಮಪ್ಪ ಅಂಗೇ ನಡೆದ, ತಾತ ಅಂಗೇ ನಡೆದ. ಅದಕ್ಕೆ ಕಣ್ಣೈತಲ್ಲ, ಆ ಕಣ್ಣು ಕಾಲುವೆ ಕಡೀಕೆ ಮಾಡ್ಕೊಂಡು ಹಿಡ್ಕೊಂಡಿದ್ದೆ. ಅದು ನೋಡ್ಕೊಂಡೇ ಬಂತು.”

ಟ್ಯಾಬಿನ ಹಿಂದಿನ ಕ್ಯಾಮೆರಾವನ್ನು ಅವರು ಕಣ್ಣು ಎಂದಿದ್ದರು. ಎರಡು ಕಿಲೋಮೀಟರ್ ಉದ್ದಕ್ಕೂ, ಬಿಸಿಲಿನಲ್ಲಿ, ಕೈ ನೋಯುತ್ತಿದ್ದರೂ ಇಳಿಸದೆ, ಆ ಕಣ್ಣಿಗೆ ಕಾಲುವೆಯನ್ನು ತೋರಿಸುತ್ತಾ ಬಂದಿದ್ದರು. ಅದು ನೋಡುವ ಯಂತ್ರವಲ್ಲ, ಹಿಡಿದವರ ಕಾಲು ಎಲ್ಲಿದೆಯೋ ಅಲ್ಲಿ ಗೆರೆ ಎಳೆಯುವ ಯಂತ್ರ ಎಂದು ನಾನು ಹೇಳಿರಲಿಲ್ಲ. ಜೊತೆಯಲ್ಲಿ ಹತ್ತು ಹೆಜ್ಜೆ ನಡೆದಿದ್ದರೂ ನನಗೇ ಕಾಣುತ್ತಿತ್ತು. ಅವರ ಅಪ್ಪ ಆ ಕಟ್ಟಳೆಯ ಪ್ರಕಾರ ಕಾಲುವೆಗೆ ಏಳು ಮಾರು ಬಿಡಿಸಿ ಹಾಕಿಸಿದ್ದೇ ಏರಿಸಾಲು. ಯಾರೂ ತಪ್ಪು ಜಾಗದಲ್ಲಿ ಮನೆ ಕಟ್ಟಿರಲಿಲ್ಲ. ಇವರು ತಮ್ಮ ಮನೆತನದವರು ನಡೆದ ಜಾಗದಲ್ಲೇ ನಡೆದಿದ್ದರು, ಆ ಜಾಗದ ಅಂಚಿನಲ್ಲಿ ಅವರ ಅಕ್ಕನ ಹೊಸ್ತಿಲಿತ್ತು.

ಬರೆದು ಸರಿಮಾಡಿಸುತ್ತೇನೆ ಎಂದು ಅವರನ್ನು ಕಳಿಸಿದೆ.

ಮಾರನೆಯ ದಿನ ಅವರು ಆಫೀಸಿಗೆ ಬಂದಾಗ ಎಡಗಾಲಿಗೆ ಬಟ್ಟೆ ಕಟ್ಟಿಕೊಂಡಿದ್ದರು. ಕಾಲುವೆಯೊಳಗೆ ಇಳಿದು, ಚಪ್ಪಲಿ ಬಿಟ್ಟು, ಜಾಲಿಮುಳ್ಳು, ಒಡೆದ ಬಾಟಲಿ, ಹೊಸ ಮಣ್ಣಿನ ಗುಡ್ಡೆ ಎಲ್ಲದರ ಮೇಲೆ ಹಾಯ್ದು ಕುಂಟೆಯವರೆಗೆ ನಡೆದು ನೋಡಿದ್ದರು. ಕಾಯಿ ಒಡೆದಿರಲಿಲ್ಲ, ಯಾರಿಗೂ ಹೇಳಿರಲಿಲ್ಲ. ಹೂಳು ತೆಗೆಯದ ದಿನ ಆ ಮನೆತನದವರು ಕಾಲುವೆಗೆ ಕಾಲಿಟ್ಟದ್ದು ಅದೇ ಮೊದಲು. ದಾರಿ ಇನ್ನೂ ಐತೆ, ಟ್ಯಾಬ್ ಕೊಡಿ, ಈಗ ಮಧ್ಯದಲ್ಲೇ ನಡೀತೀನಿ ಎಂದರು. ನನ್ನ ಹತ್ತಿರ ಕೊಡಲು ಟ್ಯಾಬೇ ಇರಲಿಲ್ಲ, ಅದು ಮುಂದಿನ ಊರಿಗೆ ಹೋಗಿತ್ತು.

ಚೈತನ್ಯಳಿಗೆ ಪತ್ರ ಬರೆದೆ. ಗೆರೆ ಪಕ್ಕಕ್ಕೆ ಬಂದಿದೆ, ಸರಿಮಾಡಬೇಕು ಎಂದಷ್ಟೇ ಬರೆದೆ, ಯಾಕೆ ಬಂತೆಂದು ಬರೆಯಲಿಲ್ಲ. ಅವಳೇ ಫೋನ್ ಮಾಡಿದಳು. ಮಂಜೂರಾದ ಗೆರೆಯನ್ನು ಐದು ವರ್ಷ ಯಾರೂ ಮುಟ್ಟುವಂತಿಲ್ಲ ಅಕ್ಕ, ರಾಜಕೀಯದವರು ಬೇಕಾದ ಹಾಗೆ ತಿದ್ದಬಾರದೆಂದು ನಾವೇ ಹಾಕಿದ ಬೀಗ ಅದು ಎಂದಳು. ತೆಗೆಯಲು ಒಂದೇ ದಾರಿ. ಏಳನೆಯ ನಿಯಮ ಮುರಿದಿದ್ದರೆ, ಅಂದರೆ ಇಬ್ಬರೂ ನಡೆದಿರದಿದ್ದರೆ, ಗೆರೆ ತಾನೇ ರದ್ದಾಗಿ ಹೊಸದಾಗಿ ಅಳೆಯಬೇಕಾಗುತ್ತದೆ. ಸುಳ್ಳು ಸಹಿ ಹಾಕಿದ ಸಿಬ್ಬಂದಿಯ ಲಾಗಿನ್ ಗುರುತು ಸಂಖ್ಯೆ ಮಾತ್ರ ಮುಚ್ಚಿಹೋಗುತ್ತದೆ. ನೀವು ನಡೆದಿದ್ರಿ ಅಲ್ವಾ ಅಕ್ಕ ಎಂದಳು. ನಾನು ನಡೆದಿದ್ದೆ ಎಂದೆ.

ಗುರುತು ಸಂಖ್ಯೆ ಮುಚ್ಚಿದರೆ ನನ್ನ ಕೆಲಸವೂ ಮುಚ್ಚಿದಂತೆಯೇ. ಆ ತಿಂಗಳು ಹೊರಗುತ್ತಿಗೆಯ ನಮ್ಮನ್ನು ಖಾಯಂ ಮಾಡುವ ಪಟ್ಟಿ ತಯಾರಾಗುತ್ತಿತ್ತು, ಅದರಲ್ಲಿ ನನ್ನ ಹೆಸರು ನಾಲ್ಕನೆಯದು. ನಮ್ಮಪ್ಪ ಸಂಜೆ ವಾಕಿಂಗಿನಲ್ಲಿ ವೆಂಕಟರವಣಪ್ಪನವರೂ ಸೇರಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಇದನ್ನೆಲ್ಲ ನೆಪವೆಂದು ಹೇಳುತ್ತಿಲ್ಲ. ಇಪ್ಪತ್ತು ದಿನ ನಾನು ಇದನ್ನೇ ತಲೆಯಲ್ಲಿ ಹೊತ್ತು ತಿರುಗಿದೆ, ಅಷ್ಟೇ. ಹನ್ನೊಂದು ಮನೆಗಳ ಬೀಗದ ಕೀಲಿ ನನ್ನೊಬ್ಬಳ ಬಾಯಲ್ಲಿದೆ ಎಂದು ಆ ಇಪ್ಪತ್ತು ದಿನವೂ ಗೊತ್ತಿತ್ತು. ವೆಂಕಟರವಣಪ್ಪನವರಿಗೆ ಗೊತ್ತಿರಲಿಲ್ಲ. ದಿನಾ ಬಂದು, ಏನಾದ್ರೂ ಬಂತಾ ಅಮ್ಮಣ್ಣಿ ಎಂದು ಕೇಳಿ, ಇಲ್ಲ ಎಂದರೆ ಕುಂಟಿಕೊಂಡು ವಾಪಸು ಹೋಗುತ್ತಿದ್ದರು.

ವಿಚಾರಣೆಯ ದಿನ ಏರಿಸಾಲಿನವರೆಲ್ಲ ಮುಖ್ಯಾಧಿಕಾರಿಗಳ ಕೋಣೆಯಲ್ಲಿ ನಿಂತಿದ್ದರು. ಅಕ್ಕಯ್ಯಮ್ಮ ಹಕ್ಕುಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಎದೆಗೊತ್ತಿಕೊಂಡಿದ್ದಳು. ಮುಖ್ಯಾಧಿಕಾರಿಗಳು ಒಳ್ಳೆಯವರೇ. ಎಲ್ಲರ ಮಾತೂ ಕೇಳಿದರು, ಹಕ್ಕುಪತ್ರವನ್ನೂ ನೋಡಿದರು. ಕಾಲುವೆಯ ಮೇಲಿನ ಜಾಗಕ್ಕೆ ಹಕ್ಕುಪತ್ರ ನಡೆಯುವುದಿಲ್ಲವೆಂದು, ಬೇರೆ ಸೈಟಿಗೆ ಬರೆಯುತ್ತೇವೆಂದು ಮೆತ್ತಗೆ ಹೇಳಿದರು. ಆಮೇಲೆ ಕೈಪಿಡಿ ತೆಗೆದು, ಅದರಲ್ಲಿ ಕೇಳಬೇಕೆಂದಿದ್ದ ಪ್ರಶ್ನೆಗಳನ್ನು ಒಂದೊಂದಾಗಿ ಕೇಳುತ್ತಾ ಬಂದು ನನ್ನ ಕಡೆ ತಿರುಗಿದರು.

“ಅಳತೆ ದಿನ ನೀವಿಬ್ಬರೂ ಜೊತೇಲೇ ನಡೆದಿದ್ರಾ?”

ಎರಡಕ್ಷರದ ಮಾತು, ಇಲ್ಲ. ಅಷ್ಟು ಹೇಳಿದ್ದರೆ ಸಾಕಿತ್ತು. ನನ್ನ ಎದುರಿಗೇ ಅಕ್ಕಯ್ಯಮ್ಮನ ಮುಖ ಇತ್ತು. ಅವಳು ನನ್ನನ್ನು ನೋಡುತ್ತಿರಲಿಲ್ಲ, ಅಧಿಕಾರಿಗಳ ಕೈಯಲ್ಲಿದ್ದ ತನ್ನ ಹಕ್ಕುಪತ್ರವನ್ನು ನೋಡುತ್ತಿದ್ದಳು. ಹೌದು ಸರ್, ಇಬ್ಬರೂ ನಡೆದಿದ್ದೆವು ಎಂದೆ. ದನಿ ನಡುಗಲಿಲ್ಲ. ನಡುಗುತ್ತದೆಂದುಕೊಂಡಿದ್ದೆ.

ಅವರು ವೆಂಕಟರವಣಪ್ಪನವರನ್ನು ಕೇಳಿದರು. ವೆಂಕಟರವಣಪ್ಪ ನನ್ನನ್ನು ನೋಡಿದರು. ಮೂವತ್ತು ವರ್ಷದಲ್ಲಿ ಆ ಮನುಷ್ಯ ಯಾವ ಇಂಜಿನಿಯರ ಮುಂದೆಯೂ ಒಂದು ಸುಳ್ಳು ಹೇಳಿದ್ದನ್ನು ನಾನು ಕೇಳಿಲ್ಲ. ನೀರು ಬಿಡದೆ ಬಿಟ್ಟೆ ಎಂದವರಲ್ಲ, ಬಿಟ್ಟು ಬಿಟ್ಟಿಲ್ಲ ಎಂದವರಲ್ಲ. ನಿಜ ಹೇಳಿಬಿಡಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಹೇಳಬೇಡಿ ಎಂದೂ ಬೇಡಿಕೊಂಡೆ.

“ಹೌದು ಸ್ವಾಮಿ. ಅಮ್ಮಣ್ಣಿ ಪಾಪ ಬಿಸಿಲಲ್ಲಿ ಕೊನೇವರೆಗೂ ಜೊತೇಲೇ ಬಂದ್ರು. ನಡೆದ ಜಾಗ ತಪ್ಪಿದ್ದು ನನ್ನ ಕಾಲು.”

ಇಬ್ಬರೂ ನಡೆದಿದ್ದಾರೆ, ಜಾಗ ತಪ್ಪಿದ್ದರೂ ಗೆರೆಯನ್ನು ಐದು ವರ್ಷ ಮುಟ್ಟುವಂತಿಲ್ಲ ಎಂದು ಅಧಿಕಾರಿಗಳು ಬರೆದುಕೊಂಡರು. ಅಕ್ಕಯ್ಯಮ್ಮ ಆಗ ತಮ್ಮನ ಕಡೆ ತಿರುಗಿದಳು. ಬೈಯಲಿಲ್ಲ. “ನುವ್ವೇನಾ ರಾ?” ಎಂದು ತೆಲುಗಿನಲ್ಲಿ ಒಂದು ಮಾತು ಕೇಳಿದಳು, ನೀನೇನೋ ಎಂದು. ಅವರು ತಲೆ ತಗ್ಗಿಸಿದರು. ಅವಳು ಹಕ್ಕುಪತ್ರ ತೆಗೆದುಕೊಂಡು ಹೊರಗೆ ಹೋದಳು.

ಮೇ ತಿಂಗಳಲ್ಲಿ ಜೆಸಿಬಿ ಬಂದು ಒಂದು ಮಧ್ಯಾಹ್ನದೊಳಗೆ ಹನ್ನೊಂದು ಮನೆಗಳನ್ನೂ ಕೆಡವಿತು. ನಾನು ನೋಡಲು ಹೋಗಲಿಲ್ಲ. ಬೇರೆ ಸೈಟಿನ ಕಡತ ನನ್ನ ಕಂಪ್ಯೂಟರಿನಲ್ಲೇ ಇದೆ, ಇನ್ನೂ ಅಲುಗಿಲ್ಲ. ಅಕ್ಕಯ್ಯಮ್ಮ ತಮ್ಮನ ಮನೆಗೆ ಹೋಗಲಿಲ್ಲ. ಮುರುಗಮಲ್ಲದ ಹತ್ತಿರ ಗಂಡನ ಕಡೆಯ ದೂರದ ನೆಂಟರ ಕೊಟ್ಟಿಗೆಯ ಪಕ್ಕದ ಕೋಣೆಗೆ ಹೋದಳು. ವೆಂಕಟರವಣಪ್ಪ ಎರಡು ಸಲ ಬಸ್ ಹತ್ತಿ ಹೋಗಿ ಬಂದರಂತೆ. ಎರಡು ಸಲವೂ ಅವಳು ಒಳಗಿನಿಂದ ಚಿಲಕ ಹಾಕಿಕೊಂಡಳಂತೆ. ಇವರು ಹೊರಗೆ ಕಲ್ಲಿನ ಮೇಲೆ ಕೊನೆಯ ಬಸ್ಸಿನ ಹೊತ್ತಿನವರೆಗೆ ಕೂತಿದ್ದು ಎದ್ದು ಬಂದರಂತೆ.

ಸೆಪ್ಟೆಂಬರಿನಲ್ಲಿ ಅವಳು ತೀರಿಕೊಂಡಳು. ಮಣ್ಣು ಮಾಡಿ ಆದ ಮೇಲೆ ಇವರಿಗೆ ಸುದ್ದಿ ಬಂತು.

ಅಕ್ಟೋಬರಿನ ಮಳೆಗೆ ದೊಡ್ಡಕೆರೆ ಮತ್ತೆ ಕೋಡಿ ಬಿತ್ತು. ಏರಿಸಾಲು ಇದ್ದ ಜಾಗದಲ್ಲಿ ನಕ್ಷೆಯ ಗೆರೆಯ ಮೇಲೆಯೇ ಕಾಂಕ್ರೀಟ್ ಚರಂಡಿ ಕಟ್ಟಿದ್ದರು. ದಂಡೆಯ ಮೇಲೆ ಎತ್ತರದಲ್ಲಿದ್ದ ಅದಕ್ಕೆ ನೀರು ಹತ್ತಲೇ ಇಲ್ಲ. ಹಳೆಯ ದಾರಿಗೇ ಬಂದ ನೀರು ಬಡಾವಣೆಯ ಮಣ್ಣಿಗೆ ಬಡಿದು, ತಿರುಗಿ, ಈ ಸಲ ಬಸ್ ನಿಲ್ದಾಣದಲ್ಲಿ ಸೊಂಟದುದ್ದ ನಿಂತಿತು. ವೆಂಕಟರವಣಪ್ಪ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಯಾವ ಇಂಜಿನಿಯರ ಮೇಜಿನ ಮುಂದೆಯೂ ನಿಲ್ಲಲಿಲ್ಲ. ಈಗ ಅವರು ಬೆಳಗ್ಗೆ ವಾಲ್ವ್ ತಿರುಗಿಸುತ್ತಾರೆ, ಕೀಲಿ ತಂದು ಮೂಲೆಗೆ ಒರಗಿಸುತ್ತಾರೆ, ಹೋಗುತ್ತಾರೆ. ಕಾಲುವೆಯ ಕಡೆ ಹೋಗುವುದಿಲ್ಲ. ಮಧ್ಯಾಹ್ನ ಏನು ತಿನ್ನುತ್ತಾರೋ ಗೊತ್ತಿಲ್ಲ.

ನಾನು ಖಾಯಂ ಆದೆ. ಆದೇಶ ಕೈಗೆ ಬಂದ ದಿನ ಆಫೀಸಿನವರಿಗೆಲ್ಲ ಮೈಸೂರುಪಾಕು ಹಂಚಬೇಕಾಯಿತು. ಅವರ ಮುಂದೆ ಡಬ್ಬಿ ಹಿಡಿದು ನಿಂತಾಗ ಹೇಳಿಬಿಡಬೇಕೆಂದೇ ಹೋಗಿದ್ದೆ: ಅವತ್ತು ನಾವಿಬ್ಬರಲ್ಲಿ ಒಬ್ಬರು ನಿಜ ಹೇಳಿದ್ದರೂ ಮನೆ ಉಳಿಯುತ್ತಿತ್ತು, ಅದು ನನಗೆ ಗೊತ್ತಿತ್ತು, ನಿಮಗೆ ಗೊತ್ತಿರಲಿಲ್ಲ ಎಂದು. ಬಾಯಿ ತೆರೆದೆ. ಅವರು ಒಂದು ಚೂರು ಮುರಿದುಕೊಂಡು ಕೈಯಲ್ಲೇ ಇಟ್ಟುಕೊಂಡರು. ಬಹಳ ದಿನದ ಮೇಲೆ ಅವರ ಮುಖದಲ್ಲಿ ಸ್ವಲ್ಪ ನಗು ಬಂತು.

“ನನ್ನ ಕಾಲಿಂದ ಅಕ್ಕನ ಮನೆ ಹೋಯ್ತು. ನಿಮ್ಮ ಕೆಲಸಾನಾದ್ರೂ ಉಳಿಸ್ದೆನಲ್ಲ ಅಮ್ಮಣ್ಣಿ, ಅಷ್ಟೇ ಸಮಾಧಾನ.”

ನಾನು ಬಾಯಿ ಮುಚ್ಚಿಕೊಂಡು, ಡಬ್ಬಿಯನ್ನು ಪಕ್ಕದ ಮೇಜಿನವರ ಮುಂದೆ ಹಿಡಿದೆ.